ಲಾಕಿನ ಬಾಯಿ ಯಾವ ಕಡೆ

ದೇವಾನಂದನಿಗೆ ಚೈನು ಕಂಡರೆ ಆಗುವುದಿಲ್ಲ. ಸೈಕಲ್ಲಿನ ಚೈನಾದರೂ ಅಷ್ಟೇ, ಮೋಟರ್‌ಸೈಕಲ್ಲಿನದಾದರೂ ಅಷ್ಟೇ. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಹಿಟ್ಟಿನ ಗಿರಣಿ ಇದೆ, ಅದು ಬೆಲ್ಟಿನಿಂದ ತಿರುಗುತ್ತದೆ. ಮನೆಯಲ್ಲೊಂದು ಸ್ಕೂಟರ್ ಇದೆ. ಅದನ್ನು ಕೊಳ್ಳುವಾಗ ಅಂಗಡಿಯವನ ಎದುರಿಗೇ ನೆಲದ ಮೇಲೆ ಮಲಗಿ, ಕೆಳಗೆಲ್ಲ ಇಣುಕಿ, ಎಲ್ಲೂ ಚೈನಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಂಡವನು ಅವನು. ಹೆಂಡತಿ ಭೀಮಬಾಯಿಯ ತವರು ವಾಡಿ. ಅಲ್ಲಿಂದ ಯಾರಾದರೂ ಅಳಿಯನನ್ನು ಕರೆದೊಯ್ಯಲು ಮೋಟರ್‌ಸೈಕಲ್ ತಂದರೆ, "ನೀವು ಮುಂದ ನಡೀರಿ" ಎಂದು ಸಾಗಹಾಕಿ ಪ್ಯಾಸೆಂಜರ್ ರೈಲಿಗೆ ಕಾಯುತ್ತ ಕೂರುತ್ತಾನೆ. ಐವತ್ತೆಂಟು ವರ್ಷದ ಗಂಡಸು. ನೋಡಿದವರಿಗೆ ನಗು ಬಂದರೆ ಅವರ ತಪ್ಪಲ್ಲ.

"ಕೊಳ್ಳಾಗಿನ ಚೈನೂ ಬ್ಯಾಡ ಅಂದ್ರಿ. ಭಾಳ ಅಗ್ಗದ ಹೆದರಿಕಿ ನೋಡ್ರಿ ನಿಮ್ದು" ಎಂದು ಭೀಮಬಾಯಿ ಆಗಾಗ ಚುಚ್ಚುವುದುಂಟು. ಅವಳಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಚುಚ್ಚುತ್ತಾಳೆ, ನಗಿಸಿಬಿಟ್ಟರೆ ಹೋದೀತೇನೋ ಎಂಬ ಆಸೆಯಿಂದ.

ಇದೇ ಮನುಷ್ಯ ಒಂದು ಕಾಲಕ್ಕೆ ಚೈನಿನ ಕೆಲಸಕ್ಕೇ ಹೆಸರಾಗಿದ್ದ. ಶಹಾಬಾದಿನಿಂದ ಚಿತ್ತಾಪುರ ದಾಟಿ ಸೇಡಂವರೆಗೆ, ಫರಸಿಕಲ್ಲಿನ ಯಾವ ಖಣಿಯಲ್ಲಿ ಚೈನು ಹರಿದರೂ ದೇವಾನಂದನಿಗೇ ಕರೆ ಬರುತ್ತಿತ್ತು. ವಿದ್ಯೆ ಕಲಿಸಿದವರು ಗನಿಸಾಬ ಎಂಬ ಉಸ್ತಾದರು, ಈಗಿಲ್ಲ. ಚೈನಿನ ಎರಡು ತುದಿಗಳನ್ನು ಒಂದು ಕೊಂಡಿಯಿಂದ ಕೂಡಿಸಿ, ಆ ಕೊಂಡಿ ಕಳಚದಂತೆ ಮೇಲೊಂದು ಲಾಕು ಒತ್ತುತ್ತಾರೆ. ಹೆಬ್ಬೆರಳ ಉಗುರಿನಷ್ಟು ತಗಡು, ನೋಡಲು ಮೀನಿನ ಆಕಾರ, ಒಂದು ಕಡೆ ಬಾಯಿ ತೆರೆದಿರುತ್ತದೆ. ಚೈನು ಓಡುವ ದಿಕ್ಕಿಗೆ ಅದರ ಬೆನ್ನಿರಬೇಕು, ಬಾಯಿ ಹಿಂದಕ್ಕಿರಬೇಕು. ತಪ್ಪಿ ಬಾಯಿ ಮುಂದಾಯಿತೋ, ಓಟದಲ್ಲಿ ಏನಾದರೂ ತಗುಲಿ ಲಾಕು ಹಾರುತ್ತದೆ, ಚೈನು ಬಿಚ್ಚಿಕೊಳ್ಳುತ್ತದೆ. "ಉಣ್ಣೋದು ಮರತರ ಮರೀ, ಇದನ್ನ ಮರೀಬ್ಯಾಡ" ಎಂದು ಗನಿಸಾಬರು ತಲೆಗೆ ಮೊಟಕಿ ಮೊಟಕಿ ಹೇಳಿದ್ದರು.

ಇಪ್ಪತ್ನಾಲ್ಕು ವರ್ಷದ ಹಿಂದೆ, ಊರಾಚೆಯ ಒಂದು ಖಣಿಯಲ್ಲಿ ದೇವಾನಂದನ ಗೆಳೆಯ ದತ್ತು ಸತ್ತ. ದತ್ತು ಅಲ್ಲಿ ರಾಟಿ ಮಷೀನು ನಡೆಸುತ್ತಿದ್ದ. ಹಳೆಯ ಲಾರಿಯ ಇಂಜಿನ್ನಿನಿಂದ ಒಂದು ಚೈನು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸಬೇಕು, ಗಾಲಿ ತಿರುಗಿ ಉಕ್ಕಿನ ಹಗ್ಗ ಸುತ್ತಬೇಕು, ಹಗ್ಗ ತಗ್ಗಿನಿಂದ ಕಲ್ಲಿನ ಟ್ರಾಲಿಯನ್ನು ಮೇಲಕ್ಕೆಳೆಯಬೇಕು. ಅಷ್ಟೇ ಆ ಮಷೀನು. ಒಂದು ಬೆಳಿಗ್ಗೆ ಟ್ರಾಲಿ ಅರ್ಧ ದಾರಿಯಲ್ಲಿದ್ದಾಗ ಚೈನು ಹಾರಿ ಬಂದು ದತ್ತುವಿನ ತಲೆಗೆ ಬಡಿಯಿತು. ದೇವಾನಂದ ಮೇಲಿನ ಶೆಡ್ಡಿನಿಂದ ಓಡಿ ಬರುವಷ್ಟರಲ್ಲಿ ಅವನನ್ನು ಎತ್ತಿಕೊಂಡು ಹೊರಟಿದ್ದರು. ಚೈನು ಮಣ್ಣಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು. "ಚೈನು ಹರೀತು" ಎಂದು ಮಾಲೀಕ ಒಂದು ಮಾತು ಹೇಳಿದ, ಊರು ಅದನ್ನೇ ಹೇಳಿತು, ಕಾಗದದಲ್ಲೂ ಅದೇ ಬಂತು. ಮನುಷ್ಯನನ್ನು ತಿಂದ ಮಷೀನನ್ನು ನಮ್ಮ ಕಡೆ ಗುಜರಿಯವನೂ ಮುಟ್ಟುವುದಿಲ್ಲ. ಅದೇ ಸಂಜೆ ನಿಂಬೆಹಣ್ಣು ಕೊಯ್ದು, ಸುಣ್ಣ ಚೆಲ್ಲಿ, ಟ್ರಾಕ್ಟರಿನಿಂದ ಇಡೀ ಮಷೀನನ್ನು ಹಳೆಯ ಖಣಿಗೆ ನೂಕಿ, ಮೇಲೆ ಕಲ್ಲುಚೂರು ಸುರಿದು ಮಾಲೀಕ ಕೈ ತೊಳೆದುಕೊಂಡ.

ಆ ಬೆಳಿಗ್ಗೆ ಚೈನು ಬಿಗಿ ಮಾಡಿ ಲಾಕು ಒತ್ತಿದವನು ದೇವಾನಂದ. ಬಾಯಿ ಯಾವ ಕಡೆ ಇಟ್ಟೆ? ಈ ಒಂದು ಪ್ರಶ್ನೆ ಅವನನ್ನು ಇಪ್ಪತ್ನಾಲ್ಕು ವರ್ಷದಿಂದ ತಿನ್ನುತ್ತಿದೆ. ದತ್ತು ಅವತ್ತು ಹೊದ್ದ ಮಫ್ಲರಿನ ಬಣ್ಣ ನೆನಪಿದೆ, ಚಹಾದಲ್ಲಿ ಸಕ್ಕರೆ ಹೆಚ್ಚಾಗಿದ್ದು ನೆನಪಿದೆ. ಲಾಕು ಮಾತ್ರ ನೆನಪಿಲ್ಲ. ಒಂದು ದಿನ ಬಾಯಿ ಹಿಂದಿತ್ತು ಎಂದು ಖಡಾಖಂಡಿತ ಅನಿಸುತ್ತದೆ, ಮರುದಿನ ಮುಂದಿತ್ತು ಎಂದು ಅಷ್ಟೇ ಖಡಾಖಂಡಿತ. ಒಮ್ಮೊಮ್ಮೆ ಆ ಮಷೀನಿಗೆ ಮುಂದು ಯಾವುದು, ಹಿಂದು ಯಾವುದು ಎಂಬುದೇ ತಿಳಿಯದಾಗುತ್ತದೆ. ಟ್ರಾಲಿ ಏರುವಾಗ ಚೈನು ಒಂದು ಕಡೆ ಓಡಬೇಕು, ಇಳಿಯುವಾಗ ಇನ್ನೊಂದು ಕಡೆ. ಹಾಗಾದರೆ ಬೆನ್ನೆಲ್ಲಿ, ಬಾಯೆಲ್ಲಿ? ನೀವೇ ಹೇಳಿ, ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಯಾರ ತಲೆ ನೆಟ್ಟಗಿದ್ದೀತು?

ದತ್ತುವಿನ ಹೆಂಡತಿ ಶಿವಗಂಗಾ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅಂಗನವಾಡಿಯಲ್ಲಿ ಕೆಲಸ ಹಿಡಿದು, ಎಂಟು ತಿಂಗಳ ಮಗುವನ್ನು ಸಾಕಿದಳು. ದೇವಾನಂದನ ಗಿರಣಿ ಅವಳ ಮನೆಯಿಂದ ಆರನೆಯ ಬಾಗಿಲು. ಆದರೂ ಜೋಳದ ಡಬ್ಬಿ ಹೊತ್ತು, ರೈಲು ಹಳಿ ದಾಟಿ, ಆಚೆ ಓಣಿಯ ಗಿರಣಿಗೆ ಹೋಗುತ್ತಿದ್ದಳು. ವಾರಕ್ಕೊಮ್ಮೆ ಅವಳು ತನ್ನ ಬಾಗಿಲ ಮುಂದೆ ತಲೆ ಬಗ್ಗಿಸಿ ಹಾದುಹೋಗುವಾಗ ದೇವಾನಂದ ಗಿರಣಿಯ ಒಳಕ್ಕೆ ಸರಿದು ನಿಲ್ಲುತ್ತಿದ್ದ. ಅದಕ್ಕಿಂತ ದೊಡ್ಡ ತೀರ್ಪು ಯಾವ ಕೋರ್ಟೂ ಕೊಟ್ಟಿರಲಾರದು.

ಹೀಗಿರುವಾಗ ಈ ಬೇಸಿಗೆಯಲ್ಲಿ ಒಂದು ದಿನ ಅವಳ ಮಗಳು ಭಾಗ್ಯಶ್ರೀ ಸೀದಾ ಗಿರಣಿಯೊಳಗೆ ಬಂದು ನಿಂತಳು. ಮೆಕ್ಯಾನಿಕಲ್ ಓದಿದ ಹುಡುಗಿ, ಕಲಬುರಗಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅತಿಥಿ ಉಪನ್ಯಾಸಕಿ, ದಿನಾ ರೈಲಿಗೆ ಹೋಗಿ ಬರುತ್ತಾಳೆ.

"ಕಾಕಾ, ಒಂದು ಕಾರಿನ ಕಥಿ ಹೇಳ್ತೀನಿ. ಕೇಳ್ತೀರೇನು?"

ಜೋಳದ ಚೀಲದ ಮೇಲೆ ಕುಳಿತು ಅವಳು ಶುರು ಮಾಡಿದಳು. ಮಕ್ಕಳಿಗೆ ಚೈನ್ ಡ್ರೈವಿನ ಪಾಠ ಮಾಡಲು ತಯಾರಿ ನಡೆಸುವಾಗ ಸಿಕ್ಕ ಕಥೆಯಂತೆ. ಕಾರುಗಳು ಹುಟ್ಟಿದ ಹೊಸತರಲ್ಲಿ ನೆಲದ ಮೇಲೆ ಯಾರು ಹೆಚ್ಚು ಜೋರು ಓಡುತ್ತಾರೆ ಎಂಬ ಹುಚ್ಚು ಜಗತ್ತಿಗೆ ಹಿಡಿದಿತ್ತು. ಗಂಟೆಗೆ ನೂರು ಕಿಲೋಮೀಟರನ್ನು ಮೊದಲು ದಾಟಿದ ಕಾರು ಬ್ಯಾಟರಿಯದು, ಅದೂ 1899ರಲ್ಲಿ.

"ಬ್ಯಾಟರಿದಾ? ಈಗ ಸ್ಟೇಷನ್ನಿನ ಮುಂದ ಆಟೋ ಬಂದಾವಲ್ಲ, ಹಂಗೇನು?"

"ಹಂಗಽ. ಬಂದೂಕಿನ ಗುಂಡಿನ ಆಕಾರ ಮಾಡಿದ್ರು, ಗಾಳಿ ಸೀಳ್ಕೊಂಡು ಹೋಗ್ಲಿ ಅಂತ. ಆದರ ನಡಸೋ ಮನುಷ್ಯನ್ನ ಅದರ ಮ್ಯಾಲ ಕುದುರಿ ಮ್ಯಾಲ ಕುಂದ್ರಿಸಿದಂಗ ಕುಂದ್ರಿಸಿದ್ರು. ಗಾಳಿ ಎಲ್ಲಾ ಅಂವನ ಎದಿಗೇ."

ದೇವಾನಂದ ನಕ್ಕ. ಇಂಥ ಇಂಜಿನಿಯರುಗಳನ್ನು ಅವನು ಖಣಿಯಲ್ಲಿ ಬೇಕಾದಷ್ಟು ನೋಡಿದ್ದ.

ಭಾಗ್ಯಶ್ರೀ ಮುಂದುವರಿಸಿದಳು. ಆಮೇಲೆ ಹಬೆಯ ಕಾರು ಬಂತು, ಪೆಟ್ರೋಲಿನದು ಬಂತು, ಕೊನೆಗೆ ವಿಮಾನದ ಇಂಜಿನ್ನನ್ನೇ ಕಿತ್ತು ಕಾರಿಗೆ ಕೂರಿಸಿದರು. ಅಂಥದೊಂದು ಕಾರಿನ ಹೆಸರು ಬಾಬ್ಸ್. ಅದರ ಹಿಂದಿನ ಗಾಲಿಗಳನ್ನು ತಿರುಗಿಸುತ್ತಿದ್ದದ್ದು ಚೈನು. 1926ರಲ್ಲಿ ವೇಲ್ಸ್ ದೇಶದ ಸಮುದ್ರದಂಡೆಯ ಉಸುಕಿನ ಮೇಲೆ ಅದು ಗಂಟೆಗೆ ಇನ್ನೂರ ಎಪ್ಪತ್ತೈದು ಕಿಲೋಮೀಟರ್ ಓಡಿತು.

"ಎಲ್ಲಿಗಿ ಹೊಂಟಿದ್ದ ಅದನ್ನ ಓಡಸಾಂವ?"

"ಎಲ್ಲಿಗೂ ಇಲ್ಲ ಕಾಕಾ. ಹೋಗೋದು, ತಿರುಗಿ ಬರೋದು. ಒಂದೇ ಕಡಿ ಓಡಿದ್ರ ಗಾಳಿ ಹಿಂದಿನಿಂದ ನೂಕಿರತದ, ಇಳಿಜಾರು ಇರತದ. ಅದಕ್ಕಽ ಎರಡೂ ಕಡಿ ಓಡಬೇಕು, ಎರಡನ್ನೂ ಕೂಡಿಸಿ ಅರ್ಧ ಮಾಡಬೇಕು. ಅಂದ್ರ ಲೆಕ್ಕಕ್ಕ ಹಿಡೀತಾರ."

ಎಲ್ಲಿಗೂ ಹೋಗದವನಿಗೆ ಅಷ್ಟು ಅವಸರ ಯಾಕೆ ಎಂಬುದು ದೇವಾನಂದನಿಗೆ ತಿಳಿಯಲಿಲ್ಲ. ತಿಳಿದದ್ದು ಆಮೇಲಿನದು. ಮರುವರ್ಷ ಇನ್ನೊಂದು ಓಟದಲ್ಲಿ ಕಾರು ಉರುಳಿತು, ಓಡಿಸುತ್ತಿದ್ದವನು ಸತ್ತ. ಚೈನು ಹರಿದು ತಲೆಗೆ ಬಡಿಯಿತು ಎಂದು ಎಲ್ಲರೂ ಹೇಳಿದರು. ಕಾರಿನ ಸೀಟು ಹರಿದು, ಮೀಟರುಗಳ ಗಾಜು ಒಡೆದು, ಅದನ್ನು ಅಲ್ಲೇ ಉಸುಕಿನಲ್ಲಿ ಹೂಳಿದರು. ದಾಖಲೆಯ ಕಾರು ಕಟ್ಟುವವರು ಚೈನಿನ ಸಹವಾಸವನ್ನೇ ಬಿಟ್ಟರು.

ಗಿರಣಿಯಲ್ಲಿ ಸೆಕೆ ಇತ್ತು. ಈ ಹುಡುಗಿ ಯಾವ ಊರಿನ ಕಥೆ ಹೇಳುತ್ತಿದ್ದಾಳೆ, ಸಮುದ್ರದ ಊರಿನದೋ ಶಹಾಬಾದಿನದೋ ಎಂದು ದೇವಾನಂದನಿಗೆ ಗೊಂದಲವಾಯಿತು.

"ನಲವತ್ತೆರಡು ವರ್ಷ ಆದಮ್ಯಾಲ ಒಬ್ಬ ಮಾಸ್ತರ ಅದನ್ನ ಅಗದು ತಗದ. ಪಾಠ ಹೇಳೋ ಮಾಸ್ತರ, ನನ್ನಂಗ. ವರ್ಷಗಟ್ಲೆ ಕುಂತು ರಿಪೇರಿ ಮಾಡಿ ಮತ್ತ ಓಡ್ಸಿದ. ಅದನ್ನ ನೋಡಿದವರು ಹೇಳ್ತಾರ, ಮೊದಲ ಮುರದದ್ದು ಹಿಂದಿನ ಗಾಲಿ ಇರಬೇಕು, ಚೈನಲ್ಲ ಅಂತ. ಖಾತ್ರಿ ಯಾರೂ ಕೊಡಂಗಿಲ್ಲ. ಆದರ ಅಷ್ಟೂ ವರ್ಷ ಚೈನು ಸುಮ್ಮನ ಬೈಸ್ಕೊಂಡಿತ್ತು." ಭಾಗ್ಯಶ್ರೀ ಎದ್ದು ಸೀರೆಗೆ ಹತ್ತಿದ ಹಿಟ್ಟು ಕೊಡವಿಕೊಂಡಳು. "ನಮ್ಮಪ್ಪನ ಮಷೀನು ಇರೋ ಖಣಿ ಅಗೀಲಿಕತ್ತಾರ ಕಾಕಾ. ಹೊಸ ರಸ್ತಾಕ್ಕ ಕಲ್ಲುಚೂರು ಬೇಕಂತ. ಜೆಸಿಬಿ ನಡಸೋ ಚಾಂದ್ ಭಾಯಿಗಿ ಹೇಳಿಟ್ಟೀನಿ. ನಮ್ಮಪ್ಪ ಹ್ಯಾಂಗ ಸತ್ತ ನನಗ ನೋಡಬೇಕಾಗ್ಯದ. ಚೈನಿನ ವಿಚಾರ ನಿಮ್ಮಷ್ಟು ತಿಳದವರು ಯಾರೂ ಇಲ್ಲ. ನೀವು ಬರ್ರಿ."

ಲಾಕು ಒತ್ತಿದವನು ಇವನೇ ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ? ಕೇಳಲು ಧೈರ್ಯವಾಗಲಿಲ್ಲ. ಅವಳು ಹೋದ ಮೇಲೆ ಅವನು ಒಬ್ಬರ ಗೋಧಿಯನ್ನು ಇನ್ನೊಬ್ಬರ ಜೋಳದ ಮೇಲೆ ಸುರಿದು ಇಬ್ಬರಿಂದಲೂ ಬೈಸಿಕೊಂಡ.

"ಹೋಗಬ್ಯಾಡ್ರಿ" ಎಂದಳು ಭೀಮಬಾಯಿ. "ಬಾಯಿ ಮುಂದ ಇತ್ತು ಅಂತಾದ್ರ ಏನ್ ಮಾಡ್ತೀರಿ? ಈಗ ಹಿಂದ ಇತ್ತು ಅನಸೋ ಅರ್ಧ ದಿನ ಆದ್ರೂ ನಿಮಗ ಅನ್ನ ಸೇರ್ತದ."

"ಹಿಂದ ಇತ್ತು ಅಂತಾದ್ರ?"

ಆ ಎರಡನೆಯ ಅರ್ಧಕ್ಕಾಗಿ ದೇವಾನಂದ ಹೋಗುವುದೆಂದು ನಿಶ್ಚಯಿಸಿದ, ಸಂಜೆಗೆ ಬೇಡವೆಂದ, ಬೆಳಿಗ್ಗೆ ಮತ್ತೆ ಹೋಗುವುದೆಂದ. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಭಾಗ್ಯಶ್ರೀಯ ಫೋನು ಬಂತು, ಹಲ್ಲುಗಾಲಿ ಕಂಡಿದೆ ಎಂದು.

ಖಣಿಯಲ್ಲಿ ಬಿಸಿಲು ರಣರಣ ಎನ್ನುತ್ತಿತ್ತು. ಜೆಸಿಬಿಯ ಚಾಂದ್ ಮಷೀನನ್ನು ತಗ್ಗಿನ ಅಂಚಿಗೆ ಎಳೆದು ಹಾಕಿ, ತಾನು ದೂರ ಹೋಗಿ ನೆರಳಲ್ಲಿ ಕುಳಿತಿದ್ದ. ಅವನಿಗೂ ಆ ಮಷೀನು ಮುಟ್ಟಲು ಮನಸ್ಸಿರಲಿಲ್ಲ. ಸುಣ್ಣದ ಬಿಳಿ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ಇಂಜಿನ್ನು ತುಕ್ಕಿನ ಗಡ್ಡೆಯಾಗಿತ್ತು. ಅದರ ಪಕ್ಕದಲ್ಲಿ ಚೈನು ಸುತ್ತಿಕೊಂಡು ಬಿದ್ದಿತ್ತು. ದೇವಾನಂದ ಅಂಚಿನಲ್ಲೇ ನಿಂತ. ಭಾಗ್ಯಶ್ರೀಯೇ ತಂತಿಯ ಬ್ರಷ್ಷು ಹಿಡಿದು, ಕೊಂಡಿ ಕೊಂಡಿ ಉಜ್ಜುತ್ತ, ಡೀಸೆಲ್ ಹಚ್ಚುತ್ತ ಸುತ್ತಲೂ ಬಂದಳು. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

"ಕಾಕಾ, ಇದು ಹರದಿಲ್ಲ."

"ಆಂ?"

"ಎಲ್ಲೂ ಹರದಿಲ್ಲ. ಕೈಯಾಗಿನ ಬಳಿ ಇದ್ದಂಗ ಇಡೀ ಅದ. ನಿಮ್ಮ ಲಾಕು ಇಲ್ಲೇ ಅದ ನೋಡ್ರಿ, ಇನ್ನೂ ಕಚ್ಕೊಂಡದ."

ನಿಮ್ಮ ಲಾಕು ಎಂದಳು. ಅಂದರೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಕರೆದಿದ್ದಳು. ದೇವಾನಂದ ಮಂಡಿಯೂರಿ ಕುಳಿತು, ಇಪ್ಪತ್ನಾಲ್ಕು ವರ್ಷದ ಮೇಲೆ ಮೊದಲ ಸಲ ಚೈನು ಮುಟ್ಟಿದ. ಲಾಕು ಅಲ್ಲೇ ಇತ್ತು. ಹಾರಿರಲಿಲ್ಲ, ಸಡಿಲ ಕೂಡ ಆಗಿರಲಿಲ್ಲ. ಅವನು ಚೈನನ್ನು ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ. ಗಾಲಿಯಿಂದ ಕಳಚಿ ಬಿದ್ದ ಚೈನಿಗೆ ಮುಂದು ಹಿಂದು ಎಂಬುದಿಲ್ಲ. ಬಾಯಿ ಯಾವ ಕಡೆ ಇಟ್ಟಿದ್ದೆ ಎಂದು ಈಗಲೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಆದರೂ ಮೂರ್ಖನ ಹಾಗೆ ತಿರುಗಿಸುತ್ತಲೇ ಇದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು.

"ಹಂಗಾದ್ರ ಚೈನು ಯಾಕ ಹಾರ್ತು?" ಎನ್ನುತ್ತ ಭಾಗ್ಯಶ್ರೀ ಹಲ್ಲುಗಾಲಿಯ ಕಡೆಗೆ ಹೋದಳು. ಸ್ವಲ್ಪ ಹೊತ್ತು ಉಜ್ಜಿ, ಅವನನ್ನು ಕರೆದಳು. ಗಾಲಿ ತನ್ನ ನಡುವಿನ ಗುಂಬದಿಂದ ಬೇರೆಯಾಗಿ ವಾಲಿತ್ತು. ಎರಡರ ನಡುವೆ ವೆಲ್ಡಿಂಗಿನ ಸಾಲು ಬಾಯಿ ಬಿಟ್ಟಿತ್ತು. "ಇಲ್ಲಿ ಬಿಟ್ಟದ. ಗಾಲಿ ವಾಲ್ತು, ಚೈನು ಹಲ್ಲಿನಿಂದ ಜಾರಿ ಹಾರ್ತು. ವೆಲ್ಡಿಂಗ್ ಬರೇ ಮ್ಯಾಲ ಕುಂತದ, ಒಳಗ ಇಳದಽ ಇಲ್ಲ. ಕಲೀದವರು ಮಾಡಿದ ಕೆಲಸ ಇದು. ಯಾರು ಮಾಡಿದ್ದು ಕಾಕಾ?"

ದೇವಾನಂದ ಆ ಸಾಲನ್ನು ನೋಡಿದ. ಕಡಬಿನ ಅಂಚನ್ನು ಬೆರಳಿಂದ ಒತ್ತಿದಂತೆ ಗಂಟು ಗಂಟು. ಹಿಂದಿನ ದಿನದ ಸಂಜೆ ಕಣ್ಣಿಗೆ ಕಟ್ಟಿತು. ಗಾಲಿಯಲ್ಲಿ ಬಿರುಕು ಕಂಡಿತ್ತು. ವೆಲ್ಡಿಂಗಿನವನನ್ನು ಊರಿಂದ ಕರೆಸಲು ಮಾಲೀಕ ಒಪ್ಪಲಿಲ್ಲ. "ಅದೇನು ಮಹಾ, ಕೊಡ್ರಿಲ್ಲಿ" ಎಂದು ದತ್ತು ತಾನೇ ಕೂತಿದ್ದ. ಕಣ್ಣಿಗೆ ಗಾಜಿಲ್ಲ. ದೇವಾನಂದ ಗಾಲಿ ಹಿಡಿದು, ಮುಖ ತಿರುಗಿಸಿ, ಕಣ್ಣು ಮುಚ್ಚಿ ನಿಂತಿದ್ದ. ಮುಗಿದ ಮೇಲೆ ದತ್ತು, "ನೋಡು, ನನ್ನ ಹೆಣ್ತಿ ಮಾಡಿದ ಕಡಬಿಗಿಂತ ಚಂದ ಆಗ್ಯದ" ಎಂದು ನಕ್ಕಿದ್ದ. ಮರುದಿನ ಚೈನು ಹರಿಯಿತು ಎಂದು ಎಲ್ಲರೂ ಹೇಳಿದ ಮೇಲೆ ಆ ಸಂಜೆಯನ್ನು ನೆನೆಯುವ ಕಾರಣವೇ ಇರಲಿಲ್ಲ.

ಎದುರಿಗೆ ದತ್ತುವಿನ ಮಗಳು. ಹಣೆಯ ಮೇಲೆ ತುಕ್ಕಿನ ಗೆರೆ, ಕೈಯಲ್ಲಿ ಬ್ರಷ್ಷು. ಅಪ್ಪನ ಮುಖವನ್ನು ಫೋಟೋದಲ್ಲಿ ಮಾತ್ರ ಕಂಡವಳು. ಕಲಿಯದವರ ಕೆಲಸ ಎಂದು ಈಗಷ್ಟೇ ಬಾಯಾರೆ ಹೇಳಿದವಳು.

"ನಾನೇ" ಎಂದ ದೇವಾನಂದ.

ಯಾಕೆ ಹಾಗೆಂದ? ಅವನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಐದು ನಿಮಿಷದ ಹಿಂದೆ ಇಳಿದ ಭಾರವನ್ನು ಬಗ್ಗಿ ಮತ್ತೆ ಹೆಗಲಿಗೆ ಹಾಕಿಕೊಂಡ ಬುದ್ಧಿಗೇಡಿ.

"ನಿಮಗ ವೆಲ್ಡಿಂಗ್ ಬರ್ತಿತ್ತೇನು?"

"ಅದೊಂದಽ ಸಲ ಮಾಡೀನಿ."

ಭಾಗ್ಯಶ್ರೀ ಬ್ರಷ್ಷನ್ನು ಚೀಲಕ್ಕೆ ಹಾಕಿ, ಚಾಂದನಿಗೆ ಏನೋ ಹೇಳಿ, ಹೊರಟುಹೋದಳು. ಹೋಗುವಾಗ ಕಾಕಾ ಎನ್ನಲಿಲ್ಲ.

ಮನೆಯಲ್ಲಿ ಭೀಮಬಾಯಿ ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡಳು. "ನಿಮ್ಮ ತಲಿ ಪೂರಾ ಕೆಟ್ಟದೇನು? ದೇವರು ಕೈ ಎತ್ತಿ ಬಿಡುಗಡಿ ಕೊಟ್ಟರ ವಾಪಸ್ ಹೋಗಿ ಕಟ್ಟಿಸ್ಕೊಂಡ್ ಬಂದೀರಲ್ಲ."

"ದತ್ತು ಇದ್ದಿದ್ರ ಅಂವನೇ ಹೇಳ್ತಿದ್ದ. ಇಲ್ಲಲ್ಲ. ಅಂವಂಗ ಜವಾಬು ಕೊಡ್ಲಿಕ್ಕ ಬರಂಗಿಲ್ಲಲ್ಲ."

ಭೀಮಬಾಯಿ ಒಲೆಯ ಕಡೆ ತಿರುಗಿದಳು. ರೊಟ್ಟಿಯ ಮೇಲೆ ಎಂದಿಗಿಂತ ಹೆಚ್ಚು ಬೆಣ್ಣೆ ಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ಗಿರಣಿಯ ಹೊಸ್ತಿಲಲ್ಲಿ ನೆರಳು ಬಿತ್ತು. ದೇವಾನಂದ ತಲೆ ಎತ್ತಿದರೆ ಶಿವಗಂಗಾ. ಸೊಂಟದ ಮೇಲೆ ಜೋಳದ ಡಬ್ಬಿ. ಅವನು ಅಭ್ಯಾಸಬಲದಿಂದ ಒಳಕ್ಕೆ ಸರಿದ, ಆದರೆ ಸರಿಯಲು ಹಿಂದೆ ಗೋಡೆ ಬಿಟ್ಟರೆ ಜಾಗವಿರಲಿಲ್ಲ.

"ಮಗಳು ಹೇಳಿದ್ಳು" ಎಂದಳು ಶಿವಗಂಗಾ. "ಗಾಲಿಗಿ ಬೆಸಗಿ ಹಾಕಿದ್ದು ನೀನಂತ."

"ಹೂಂ."

"ಹಿಂದಿನ ದಿನ ಸಂಜಿಮುಂದ?"

"ಹೂಂ."

"ಅವತ್ತ ನಿನ್ನ ಕಣ್ಣು ಉರದಿದ್ವೇನು?"

ದೇವಾನಂದ ತಬ್ಬಿಬ್ಬಾದ. ಇದೇನು ಪ್ರಶ್ನೆ? "ಕಣ್ಣಾ? ಇಲ್ಲ. ನನ್ನ ಕಣ್ಣು ಯಾಕ ಉರೀತಾವ?"

ಶಿವಗಂಗಾ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. "ಅಂವನ್ವು ಉರದಿದ್ವು. ಬೆಸಗಿ ಬೆಳಕು ಬಡದು ಕಣ್ಣಾಗ ಉಸುಕು ತುಂಬಿದಂಗ ಆಗ್ಯದ ಅಂತ ಹೊಳ್ಳಾಡಿದ. ಕೂಸಿಗಿ ಕುಡಸೋ ಹಾಲು ಹಿಂಡಿ ಎರಡೂ ಕಣ್ಣಿಗಿ ಬಿಟ್ಟೆ. ಮುಂಜಾನೆ ಎದ್ರ ಕೆಂಪಗಽ ಇದ್ವು. ಇವತ್ತ ಹೋಗಬ್ಯಾಡ ಅಂದೆ, ಕೇಳಲಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇಪ್ಪತ್ನಾಲ್ಕು ವರ್ಷ ಅದು ನನಗ ಗೊತ್ತಿತ್ತು. ಚೈನು ಹರೀತು ಅಂದ್ರು, ಕಣ್ಣಿಗೂ ಚೈನಿಗೂ ಏನು ಸಂಬಂಧ ಅಂತ ಬಿಟ್ಟಿದ್ದೆ. ಮಗಳು ಬಂದು ಬೆಸಗಿ ಅಂದಕೂಡ್ಲೆ ತಿಳೀತು. ನೀ ಯಾಕ ಸುಳ್ಳ ಹೇಳಿದಿ?"

"ಆಕಿಗಿ ಹೇಳಬ್ಯಾಡ" ಎಂದ ದೇವಾನಂದ.

"ಹೇಳೀನಿ. ನಮ್ಮಪ್ಪನ್ನ ಬೈಲೋ, ಆ ಮುದುಕನ್ನ ಬೈಲೋ ಅಂತ ತಿಳೀದ ಕುಂತಾಳ." ಶಿವಗಂಗಾ ಡಬ್ಬಿಯ ಮುಚ್ಚಳ ತೆಗೆದಳು. ಆಮೇಲೆ ತನ್ನಷ್ಟಕ್ಕೇ ಹೇಳುವಂತೆ ಹೇಳಿದಳು: "ನನಗೂ ತಿಳೀವಲ್ದು. ಸಿಟ್ಟು ಇಟ್ಕೋಲಿಕ್ಕ ಒಂದು ಜಾಗ ಬೇಕಾಗಿತ್ತು. ನಿನ್ನ ಮ್ಯಾಲ ಇಟ್ಟಿದ್ದೆ. ಈಗ ತಗದು ಎಲ್ಲಿ ಇಡ್ಲಿ?"

ಯಾರಿಗೂ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಕಡೆಗೆ ದೇವಾನಂದ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಡಬ್ಬಿ ಎತ್ತಿ ಜೋಳವನ್ನು ಮೇಲಿನ ತೊಟ್ಟಿಗೆ ಸುರಿದು, ಗುಂಡಿ ಒತ್ತಿದ. ಬೆಲ್ಟು ತಿರುಗಿತು, ಹಿಟ್ಟು ಬೀಳತೊಡಗಿತು.

"ಸಣ್ಣಗ ಬೀಸು" ಎಂದಳು ಶಿವಗಂಗಾ ಗಿರಣಿಯ ಸದ್ದಿನ ಮೇಲೆ. "ಭಾಗ್ಯಾಗ ದಪ್ಪ ಹಿಟ್ಟಿನ ರೊಟ್ಟಿ ಸೇರಂಗಿಲ್ಲ."

ಬೀಸಿದ್ದಾಯಿತು. ಅವಳು ಬಿಸಿ ಹಿಟ್ಟನ್ನು ಚಿಟಿಕೆ ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು.

"ಚಲೋ ಬೀಸ್ತಿ" ಎಂದಳು. "ಇಷ್ಟು ವರ್ಷ ಸುಮ್ಮನ ಹಳಿ ದಾಟಿ ಹೋದೆ."